ಕ್ವಾರಿ ಮುಚ್ಚುವ ದುಡ್ಡು ಮೊದಲೇ ಕಟ್ಟಿಸಿ

ಕ್ವಾರಿಗಳಿಗೆ ಪ್ಲಾನ್ ಮಾಡಿಕೊಡುವುದು ನನ್ನ ಕೆಲಸ. ಸಾಗರ, ಹೊಸನಗರ ಕಡೆಯಿಂದ ಬರುವವರು "ಎಷ್ಟು ಕಲ್ಲು ಸಿಗುತ್ತೆ ಸಾರ್" ಅಂತ ಕೇಳುತ್ತಾರೆ. ಕಲ್ಲು ಮುಗಿದ ಮೇಲೆ ಗುಂಡಿ ಏನು ಮಾಡಬೇಕು ಅಂತ ಕೇಳುವವರು ಕಡಿಮೆ.

ನಮ್ಮ ಕಡೆ ಕಲ್ಲಿದ್ದಲು ಇಲ್ಲ. ಆದರೂ ಕಲ್ಲಿದ್ದಲಿನವರ ಅನುಭವ ಕೇಳಬೇಕು. ಅಮೆರಿಕದಲ್ಲಿ 1977ರಲ್ಲಿ ಒಂದು ಕಾಯ್ದೆ ಬಂತು. ತೆರೆದ ಗಣಿಯ ಪ್ರತಿ ಟನ್ನಿಗೆ ಶುರುವಿನಲ್ಲಿ 35 ಸೆಂಟ್ ವಸೂಲಿ. ಯಾರೋ ಅಗೆದು ಬಿಟ್ಟುಹೋದ ಹಳೇ ಗಣಿಗಳ ರಿಪೇರಿಗೆ ಆ ದುಡ್ಡು. ಹೊಸ ಗಣಿಯವರು ಅನುಮತಿಗೆ ಮೊದಲೇ ಬಾಂಡ್, ಅಂದರೆ ಭದ್ರತಾ ಠೇವಣಿ, ಇಡಬೇಕು. ನೆಲ ಸರಿಮಾಡಿದ ಮೇಲೆ ವಾಪಸ್. ಅಲ್ಲೂ ಎಡವಟ್ಟಾಯಿತು ಅನ್ನಿ. ಕೆಲವು ರಾಜ್ಯಗಳು ದೊಡ್ಡ ಕಂಪನಿಗಳಿಂದ ದುಡ್ಡು ಇಡಿಸದೆ ಬರೀ ಅವರ ಹೆಸರಿನ ಮೇಲೆ ನಂಬಿದ್ದವು. 2015–16ರಲ್ಲಿ ಅಂಥವೇ ಸಾಲಾಗಿ ದಿವಾಳಿ ಅರ್ಜಿ ಹಾಕಿದವು. ಹಾಗಾಗಿ ಬಾಂಡ್ ಅಂದರೆ ಬ್ಯಾಂಕಿನಲ್ಲಿರುವ ದುಡ್ಡೇ ಆಗಬೇಕು. ಭಾರತದಲ್ಲಿ ಕಲ್ಲಿದ್ದಲು ಗಣಿಗಳಿಗೆ 2009ರ ಮಾರ್ಗಸೂಚಿ ಕೇಳಿದ್ದೂ ಅಂಥ ದುಡ್ಡನ್ನೇ: ಎಸ್ಕ್ರೊ ಖಾತೆ, ಅಂದರೆ ಗಣಿಯವರು ತಮಗೆ ಬೇಕಾದಂತೆ ತೆಗೆಯಲಾಗದ ಬ್ಯಾಂಕ್ ಖಾತೆ.

ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು. ಆದರೆ ಅದಿರು ತೆಗೆದು ಉಳಿದ ಹೂಳು ಅಲ್ಲಿನ ಲಕ್ಯಾ ಅಣೆಕಟ್ಟಿನ ಹಿಂದೆ ನಿಂತಿದೆ, ಎಲ್ಲಿಗೂ ಹೋಗಿಲ್ಲ. ಕಾಯುವ ಖರ್ಚು ವರ್ಷಾ ವರ್ಷಾ ಇದ್ದೇ ಇದೆ, ಅಲ್ವಾ?

ನಮ್ಮ ಕಡೆಯ ಜಂಬಿಟ್ಟಿಗೆ (ಲ್ಯಾಟರೈಟ್ ಕೆಂಪುಕಲ್ಲು) ಕ್ವಾರಿ ಚಿಕ್ಕದು, ತೊಂದರೆ ಮಾತ್ರ ಚಿಕ್ಕದಲ್ಲ. ಈ ಕಲ್ಲು ನೆಲದೊಳಗಿದ್ದಾಗ ಮೆದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಮನೆ ಕಟ್ಟುವವರಿಗೆ ಅದೇ ಅನುಕೂಲ. ಆದರೆ ಕಲ್ಲು ತೆಗೆದ ಗುಂಡಿಯ ತಳವೂ ಹಾಗೇ ಗಟ್ಟಿಯಾಗುತ್ತದೆ. ಗಿಡದ ಬೇರು ಇಳಿಯುವುದಿಲ್ಲ. ಮೇಲಿದ್ದ ಗೇಣುದ್ದದ ಕಪ್ಪು ಮಣ್ಣು ಲಾರಿಯಲ್ಲಿ ಹೋಗಿದ್ದರೆ ಮತ್ತೆ ಏನು ನೆಟ್ಟರೂ ಸುಮ್ನೆ. ಸಾಲಾಗಿ ಅಕೇಶಿಯಾ ನೆಟ್ಟು "ಹಸಿರಾಯ್ತು" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮೊದಲ ದಿನವೇ ಆ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿ. ಆಳೆತ್ತರಕ್ಕಿಂತ ಜಾಸ್ತಿ ಬೇಡ, ಒಳಗಿನ ಮಣ್ಣು ಜೀವ ಕಳೆದುಕೊಳ್ಳುತ್ತದೆ. ಮುಂಗಾರಿಗೆ ಮುಂಚೆ ಅದರ ಮೇಲೆ ಹುಲ್ಲು ಬಿತ್ತಿಸಿ. ಇಲ್ಲದಿದ್ದರೆ ರಾಶಿ ಕೊಚ್ಚಿಹೋಗಿ ಕೆಳಗಿನವರ ಅಡಿಕೆ ತೋಟದ ಬಸಿಗಾಲುವೆ ಮುಚ್ಚಿಹೋಗುತ್ತದೆ. ಗುಂಡಿಯ ಗೋಡೆ ನೆಟ್ಟಗೆ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ನೀರು ತುಂಬಿದ ಗುಂಡಿಗೆ ದನ ಬಿದ್ದರೂ, ಮಗು ಬಿದ್ದರೂ ಹತ್ತಿ ಬರಲು ದಾರಿ ಬೇಕಲ್ಲ. ಸುತ್ತ ಬೇಲಿಯಂತೂ ಬೇಕೇ ಬೇಕು.

ನಿಮ್ಮೂರಲ್ಲಿ ಕ್ವಾರಿ ಇದ್ದರೆ ಪ್ಲಾನಿನ ಪ್ರತಿ ತೆಗೆಸಿ, ಗಣಿ ಮುಚ್ಚುವ ಅಧ್ಯಾಯ ಓದಿ. ಮೇಲ್ಮಣ್ಣಿನ ರಾಶಿ ಎಲ್ಲಿದೆ ಅಂತ ಕೇಳಿ. ಠೇವಣಿ ವಾಪಸ್ ಕೊಡುವ ಮೊದಲಿನ ತಪಾಸಣೆ ಬೇಸಿಗೆಯಲ್ಲಿ ಇಟ್ಟರೆ ಒಪ್ಪಬೇಡಿ. ಆಗ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ ಬಂದು ನೋಡಲಿ.