ಗುಂಡುಸೂಜಿಯಷ್ಟು ಚುಕ್ಕಿ

ಪಾಂಡವಪುರ ಕಡೆಯ ರೈತರೊಬ್ಬರು ಹೋದ ವಾರ ಎರಡು ಭತ್ತದ ಗರಿ ತಂದು ನನ್ನ ಮೇಜಿನ ಮೇಲಿಟ್ಟರು. ಎರಡು ಗದ್ದೆ, ಎರಡು ತಳಿ. ‘ಎರಡಕ್ಕೂ ಬೆಂಕಿ ರೋಗ ಸಾರ್, ಏನು ಹೊಡೀಲಿ?’

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದರಲ್ಲಿ ಕಣ್ಣಿನಾಕಾರದ ಮಚ್ಚೆಗಳು. ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಸಂಶಯವೇ ಇಲ್ಲ, ಬೆಂಕಿ ರೋಗ. ಇನ್ನೊಂದರಲ್ಲಿ ಗುಂಡುಸೂಜಿ ಚುಚ್ಚಿದಂಥ ಕಂದು ಚುಕ್ಕಿಗಳು, ಅಷ್ಟೇ. ಆ ಗಿಡ ಆಗಲೇ ಗೆದ್ದು ಕೂತಿತ್ತು.

ಬೆಂಕಿ ರೋಗ ತರುವುದು ಒಂದು ಶಿಲೀಂಧ್ರ. ಅದರ ಕಣ ಎಲೆಯ ಮೇಲೆ ಕೂತು ಒಂದು ಪುಟ್ಟ ಗುಳ್ಳೆ ಕಟ್ಟುತ್ತದೆ. ಅದರೊಳಗಿನ ಒತ್ತಡ ಕಾರಿನ ಟೈರಿನ ಸುಮಾರು 40 ಪಟ್ಟು! ಆ ಜೋರಿಗೆ ಎಲೆ ತೂತಾಗುತ್ತದೆ. ಒಳಗೆ ಹೊಕ್ಕಮೇಲೆ ಕೆಲವು ಪ್ರೋಟೀನು ಬಿಟ್ಟು ಗಿಡದ ಕಾವಲನ್ನು ಮಲಗಿಸುತ್ತದೆ. ಆದರೆ ಕೆಲವು ತಳಿಗಳಲ್ಲಿ ಅಂಥ ಒಂದು ಪ್ರೋಟೀನಿನ ಗುರುತು ಹಿಡಿಯುವ ಜೀನ್ ಇರುತ್ತದೆ. ಪೈ-ಟಾ ಅಂಥದ್ದೊಂದು. ಗುರುತು ಸಿಕ್ಕಿತೋ, ಆ ಜಾಗದ ಜೀವಕೋಶಗಳು ತಾವೇ ಸಾಯುತ್ತವೆ. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಮುಂದಿನ ನಾಲ್ಕು ಸಾಲು ನಾವೇ ಕಡಿದು ಎಳೆದು ಹಾಕುತ್ತೇವಲ್ವಾ, ಹಾಗೆ. ಶುರುವಿನಲ್ಲಿ ಶಿಲೀಂಧ್ರಕ್ಕೆ ಬದುಕಿರುವ ಕೋಶವೇ ಬೇಕು. ಸತ್ತ ಕೋಶಗಳ ನಡುವೆ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಆ ಚುಕ್ಕಿ ಅದೇ.

ಗಿಡದ ಇಂಥ ಒಂದೊಂದು ಜೀನಿಗೂ ರೋಗಾಣುವಿನಲ್ಲಿ ಜೋಡಿ ಜೀನ್ ಇದೆ ಅಂತ 1940ರ ದಶಕದಲ್ಲೇ ಅಮೆರಿಕದ ಹೆರಾಲ್ಡ್ ಫ್ಲೋರ್ ಅಗಸೆಯ ತುಕ್ಕು ರೋಗದಲ್ಲಿ ತೋರಿಸಿದ್ದರು. ನಾನು ಪರೀಕ್ಷೆಗೆ ಉರು ಹೊಡೆದಿದ್ದೆ. ಅರ್ಥವಾಗಿದ್ದು ಮಾತ್ರ ಗದ್ದೆಯಲ್ಲಿ ಬೈಸಿಕೊಂಡಾಗ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಳಿ ಹೇಳಿ, ‘ಇದಕ್ಕೆ ಬೆಂಕಿ ರೋಗ ಬರೋದೇ ಇಲ್ಲ’ ಅಂದುಬಿಟ್ಟಿದ್ದೆ. ಮೂರು ಬೆಳೆ ಚೆನ್ನಾಗೇ ಬಂತು. ನಾಲೆಯ ಉದ್ದಕ್ಕೂ ಎಲ್ಲರೂ ಅದನ್ನೇ ನಾಟಿ ಹಾಕಿದರು. ನಾಲ್ಕನೇ ಬೆಳೆಗೆ ತೆನೆಯ ಕುತ್ತಿಗೆ ಕಪ್ಪಾಗಿ, ಕಾಳೆಲ್ಲ ಜೊಳ್ಳು. ‘ಬೀಜ ಸೋತೋಯ್ತು’ ಅಂದರು ಊರವರು. ಬೀಜ ಮೊದಲಿನ ಹಾಗೇ ಇತ್ತು. ಗಿಡಕ್ಕೆ ಗುರುತಿದ್ದ ಪ್ರೋಟೀನನ್ನೇ ಕೈಬಿಟ್ಟ ಶಿಲೀಂಧ್ರ ಹಬ್ಬಿದರೆ ಹೀಗೇ ಆಗುತ್ತದೆ. ಸಾವಿರಾರು ಎಕರೆಗೆ ಒಂದೇ ಬೀಗ ಹಾಕಿದರೆ, ಕಳ್ಳನಿಗೆ ಒಂದು ಕೀಲಿ ಸಾಕು.

ಅದಕ್ಕೇ ಈಗ ಎರಡು ಮೂರು ಜೀನ್ ಒಟ್ಟಿಗೆ ಸೇರಿಸುತ್ತಾರೆ. 2008ರಲ್ಲಿ ಬಂದ ಸುಧಾರಿತ ಸಾಂಬಾ ಮಸೂರಿ ತಳಿಯಲ್ಲಿ ಅಂಥ ಮೂರು ಜೀನ್ ಇವೆ. ಅದರಲ್ಲೊಂದು ಆಫ್ರಿಕಾದ ಕಾಡು ಭತ್ತದಿಂದ ಬಂದದ್ದು. ಆದರೆ ಆ ಮೂರೂ ಕಾಯುವುದು ದುಂಡಾಣು ಅಂಗಮಾರಿಯಿಂದ, ಅಂದರೆ ಬ್ಯಾಕ್ಟೀರಿಯಾ ತರುವ ಬೇರೆಯದೇ ರೋಗದಿಂದ. ಬೆಂಕಿ ರೋಗದ ಗುರುತು ಅವಕ್ಕಿಲ್ಲ. ‘ರೋಗ ನಿರೋಧಕ’ ಅಂತ ಚೀಲದ ಮೇಲಿದ್ದರೆ, ಯಾವ ರೋಗಕ್ಕೆ ಅಂತ ಕೇಳಿಯೇ ಕೊಳ್ಳಿ.

ಪಾಂಡವಪುರದವರಿಗೆ ಮಚ್ಚೆಯ ಗದ್ದೆಗೆ ಔಷಧಿ ಬರೆದುಕೊಟ್ಟೆ.

‘ಚುಕ್ಕಿ ಗದ್ದೆಗೆ ಏನೂ ಬೇಡ್ವಾ ಸಾರ್?’

‘ಏನೂ ಬೇಡ. ಸುಮ್ನೆ ದುಡ್ಡು ದಂಡ. ಮಚ್ಚೆ ಗದ್ದೆಗೆ ಯೂರಿಯಾ ಎಷ್ಟು ಎರಚಿದ್ರಿ?’

ಅವರು ಫ್ಯಾನು ನೋಡುತ್ತಾ, ‘ಸ್ವಲ್ಪ ಜಾಸ್ತೀನೇ’ ಅಂದರು.