ಮುಂಬೈ ಸೆಖೆಯಲ್ಲೂ ಕಣ್ಣು ಯಾಕೆ ಒಣಗುತ್ತದೆ?

ಮಳೆಗಾಲದ ಮುಂಬೈಯಲ್ಲಿ ಏನು ತಾನೇ ಒಣಗುತ್ತದೆ ಹೇಳಿ. ಬಟ್ಟೆ ಒಣಗುವುದಿಲ್ಲ. ಡಬ್ಬದ ಮುಚ್ಚಳ ಸ್ವಲ್ಪ ಸಡಿಲವಾದರೂ ಹಪ್ಪಳ ಮೆತ್ತಗಾಗುತ್ತದೆ, ಉಪ್ಪು ನೀರೊಡೆಯುತ್ತದೆ. ಅಂಥ ಊರಲ್ಲೂ ಕಣ್ಣು ಒಣಗುತ್ತದೆ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲೋ ಲೋವರ್ ಪರೇಲಿನಲ್ಲೋ ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ಸಂಜೆ ಡೊಂಬಿವಲಿ ಲೋಕಲ್ ಹಿಡಿದು, ಅಲ್ಲೂ ಮೊಬೈಲ್ ನೋಡುತ್ತಾ ಮನೆಗೆ ಬರುವ ನಮ್ಮವರನ್ನು ಕೇಳಿ ನೋಡಿ: ಕಣ್ಣಲ್ಲಿ ಮರಳು ಬಿದ್ದ ಹಾಗಿದೆ, ಉರಿ, ರೆಪ್ಪೆ ಭಾರ, ಅಕ್ಷರ ಮಂಜಾಗುತ್ತದೆ, ಒಮ್ಮೆ ರೆಪ್ಪೆ ಬಡಿದರೆ ಸರಿಹೋಗುತ್ತದೆ. ಈ ಕೊನೆಯದು ಒಳ್ಳೆ ಸುಳಿವು. ಕನ್ನಡಕದ ನಂಬರ್ ಬದಲಾಗಿದ್ದರೆ ರೆಪ್ಪೆ ಬಡಿದ ಮಾತ್ರಕ್ಕೆ ಸರಿಯಾಗುವುದಿಲ್ಲ, ಅಲ್ವಾ?

ಹೊರಗಿನ ತೇವ ಆಫೀಸಿನೊಳಗೆ ಇರುವುದಿಲ್ಲ. ಎಸಿ ಗಾಳಿಯನ್ನು ತಣ್ಣಗೆ ಮಾಡುವಾಗ ಅದರಲ್ಲಿರುವ ನೀರನ್ನೂ ತೆಗೆದುಬಿಡುತ್ತದೆ. ಫುಟ್‌ಪಾತಿನಲ್ಲಿ ಹೋಗುವಾಗ ನಮ್ಮ ತಲೆ ಮೇಲೆ ಟಪ್ ಅಂತ ಬೀಳುತ್ತದಲ್ಲ, ಅದೇ ಆ ನೀರು.

ಆದರೆ ಎಸಿ ಒಂದನ್ನೇ ಬೈದರೆ ಕಥೆ ಮುಗಿಯುವುದಿಲ್ಲ. ಕಣ್ಣೀರು ಅಂದರೆ ಬರೀ ಉಪ್ಪುನೀರಲ್ಲ. ಕಣ್ಣಿನ ಮೇಲೆ ಸದಾ ಒಂದು ತೆಳುವಾದ ಪೊರೆ ಹರಡಿರುತ್ತದೆ. ಅದರ ದಪ್ಪ ಸುಮಾರು 3 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು. ಅಷ್ಟರಲ್ಲೇ ಲೋಳೆ ಇದೆ, ನೀರು ಇದೆ, ಎಣ್ಣೆ ಇದೆ. ಲೋಳೆ ನೀರನ್ನು ಕಣ್ಣಿಗೆ ಹಿಡಿದಿಡುತ್ತದೆ. ಎಣ್ಣೆ ಎಲ್ಲಕ್ಕಿಂತ ಮೇಲೆ ನಿಂತು ನೀರು ಆವಿಯಾಗದಂತೆ ಕಾಯುತ್ತದೆ, ಉಪ್ಪಿನಕಾಯಿ ಭರಣಿಯಲ್ಲಿ ಮೇಲೆ ತೇಲುವ ಎಣ್ಣೆ ಒಳಗಿನದನ್ನು ಕಾಯುವ ಹಾಗೆ. ಈ ಎಣ್ಣೆ ಬರುವುದು ರೆಪ್ಪೆಯೊಳಗಿನ ಪುಟ್ಟ ಗ್ರಂಥಿಗಳಿಂದ. ಹೈನ್ರಿಖ್ ಮೈಬೋಮ್ ಎಂಬ ಜರ್ಮನ್ ವೈದ್ಯ 1666ರಲ್ಲಿ ಇವುಗಳ ಬಗ್ಗೆ ವಿವರವಾಗಿ ಬರೆದ, ಹಾಗಾಗಿ ಮೈಬೋಮಿಯನ್ ಗ್ರಂಥಿ ಅನ್ನುವ ಹೆಸರು. ಅವುಗಳ ಬಾಯಿ ರೆಪ್ಪೆಯ ಅಂಚಿನಲ್ಲಿ, ಕೂದಲಿನ ಸಾಲಿಗಿಂತ ಸ್ವಲ್ಪ ಒಳಗೆ ಇರುತ್ತದೆ. ಕಾಡಿಗೆ ಹಚ್ಚುವವರು ಗಮನಿಸಿ, ಆ ಒಳ ಅಂಚಿಗೇ ತೀಡಿದರೆ ಮುಚ್ಚುವುದು ಈ ಬಾಯಿಗಳನ್ನೇ.

ಕಣ್ಣು ಒಣಗುವ ಹೆಚ್ಚಿನವರಲ್ಲಿ ಕೊರತೆ ಇರುವುದು ನೀರಿನದಲ್ಲ, ಈ ಎಣ್ಣೆಯದು. ಗ್ರಂಥಿ ಕಟ್ಟಿಕೊಂಡಿರುತ್ತದೆ, ಎಣ್ಣೆ ಗಟ್ಟಿಯಾಗಿ ಹೊರಗೆ ಬರುವುದಿಲ್ಲ, ಇದ್ದ ನೀರು ಹಾರಿಹೋಗುತ್ತದೆ. ಇದು ತಿಳಿದರೆ ಒಂದು ಒಗಟೂ ಬಿಡಿಸಿಕೊಳ್ಳುತ್ತದೆ. ಕಾಂದಿವಲಿಯ ನಮ್ಮ ಅತ್ತೆಗೆ ಡಾಕ್ಟರು ಡ್ರೈ ಐ ಅಂದಾಗ ಅವರಿಗೆ ಸಿಟ್ಟೇ ಬಂದಿತ್ತು. "ಅಲ್ಲ ಮಾರಾಯಾ, ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿದೆ, ಇವರು ಒಣಗಿದೆ ಅಂತಾರೆ!" ಡಾಕ್ಟರು ಹೇಳಿದ್ದು ಸರಿಯೇ. ಕಣ್ಣಿನ ಕರಿಗುಡ್ಡೆಯ ಮುಂದಿರುವ ಕಾರ್ನಿಯಾದಲ್ಲಿ ನರಗಳು ಚರ್ಮಕ್ಕಿಂತ ನೂರಾರು ಪಟ್ಟು ದಟ್ಟವಾಗಿವೆ. ಪೊರೆ ಒಡೆದು ಅದು ಬರಿದಾದ ಕೂಡಲೇ ಮಿದುಳಿಗೆ ದೂರು ಹೋಗುತ್ತದೆ, ಅಲ್ಲಿಂದ ಅಪ್ಪಣೆ ಬಂದು ಕಣ್ಣೀರಿನ ದೊಡ್ಡ ಗ್ರಂಥಿ ಒಂದೇ ಸಲ ನೀರು ಸುರಿಸುತ್ತದೆ. ಹಾಗೆ ಬಂದ ನೀರಿಗೆ ಎಣ್ಣೆಯ ರಕ್ಷಣೆ ಇಲ್ಲ. ಕೆನ್ನೆಗೆ ಇಳಿದುಹೋಗುತ್ತದೆ, ಕಣ್ಣು ಮತ್ತೆ ಉರಿಯುತ್ತದೆ.

ರೆಪ್ಪೆ ಬಡಿಯುವುದೇ ಈ ಎಣ್ಣೆಯನ್ನು ಹಿಂಡುವ ಕೆಲಸ. ಸುಮ್ನೆ ಕೂತಿರುವಾಗ ನಿಮಿಷಕ್ಕೆ 15-20 ಸಲ ಬಡಿಯುತ್ತೇವೆ. ಸ್ಕ್ರೀನ್ ನೋಡುವಾಗ ಅದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಅದಕ್ಕಿಂತ ಜಾಸ್ತಿ ತೊಂದರೆ ಅರೆಬರೆ ಬಡಿತದ್ದು. ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವುದೇ ಇಲ್ಲ, ಅರ್ಧ ದಾರಿಗೆ ಬಂದು ವಾಪಸ್. ಗ್ರಂಥಿಯ ಮೇಲೆ ಒತ್ತಡ ಬೀಳುವುದಿಲ್ಲ, ಕಣ್ಣಿನ ಕೆಳಭಾಗ ತೆರೆದೇ ಇರುತ್ತದೆ. ಆದ್ದರಿಂದ ಆಗಾಗ ಬೇಕೆಂದೇ ಕಣ್ಣು ಪೂರ್ತಿ ಮುಚ್ಚಿ, ಒಂದು ಕ್ಷಣ ಹಿಡಿದು, ಬಿಡಿ. ಮಾನಿಟರನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಡಿ. ಕೆಳಗೆ ನೋಡುವಾಗ ಕಣ್ಣು ಕಡಿಮೆ ತೆರೆದಿರುತ್ತದೆ, ಆವಿಯಾಗುವುದೂ ಕಡಿಮೆ. ಎಸಿ ಗಾಳಿ ನೇರ ಮುಖಕ್ಕೆ ಬಡಿಯುವ ಸೀಟಾದರೆ ಜಗಳ ಮಾಡಿಯಾದರೂ ಬದಲಾಯಿಸಿಕೊಳ್ಳಿ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಉಪಯುಕ್ತ, ಎಲ್ಲಕ್ಕಿಂತ ಅಗ್ಗ, ಮತ್ತು ಯಾರೂ ಸರಿಯಾಗಿ ಮಾಡದ ಕೆಲಸ ಬಿಸಿ ಕಾವು. ಗಟ್ಟಿಯಾದ ಎಣ್ಣೆ ಕರಗಲು ರೆಪ್ಪೆಗೆ ಸುಮಾರು 40 ಡಿಗ್ರಿ ಶಾಖ ಬೇಕು, ಅದೂ ಐದರಿಂದ ಹತ್ತು ನಿಮಿಷ. ನಾವು ಬಿಸಿನೀರಲ್ಲಿ ಬಟ್ಟೆ ಅದ್ದಿ ಕಣ್ಣ ಮೇಲೆ ಇಟ್ಟು ಮಲಗುತ್ತೇವೆ, ಎರಡು ನಿಮಿಷಕ್ಕೆ ಅದು ತಣ್ಣಗಾಗಿರುತ್ತದೆ. ಮತ್ತೆ ಮತ್ತೆ ಅದ್ದಬೇಕು, ಇಲ್ಲವೇ ಬಿಸಿ ಹಿಡಿದಿಡುವ ಮಾಸ್ಕ್ ಕೊಳ್ಳಬೇಕು. ಮೊದಲು ಕೈಗೆ ಮುಟ್ಟಿಸಿ ನೋಡಿ, ಸುಡಬಾರದು. ಆಮೇಲೆ ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿನದನ್ನು ಕೆಳಗಿಂದ ಮೇಲಕ್ಕೆ ಹಗುರವಾಗಿ ನೀವಿ. ಒಂದೆರಡು ದಿನದಲ್ಲಿ ಫಲ ಕಾಣದು, ವಾರಗಟ್ಟಲೆ ಮಾಡಬೇಕು. ರೋಸ್ ವಾಟರ್, ಜೇನುತುಪ್ಪ, ಹರಳೆಣ್ಣೆ ಕಣ್ಣಿಗೆ ಬಿಡುವುದು ಮಾತ್ರ ದಯವಿಟ್ಟು ಬೇಡ.

ಡ್ರಾಪ್ಸ್ ಬಗ್ಗೆ ಎರಡು ಮಾತು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಹೈಲುರೊನೇಟ್ ಇರುವ ಕೃತಕ ಕಣ್ಣೀರು ನೆಮ್ಮದಿ ಕೊಡುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ತೆಗೆದುಕೊಳ್ಳಿ, ಯಾಕೆಂದರೆ ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ ಕಣ್ಣಿನ ಮೇಲ್ಮೈಯನ್ನೇ ಕೆಡಿಸುತ್ತದೆ. ಕೆಂಪು ಹೋಗಿಸುವ ಡ್ರಾಪ್ಸ್ ರಕ್ತನಾಳವನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತದೆ ಅಷ್ಟೇ, ಬಿಟ್ಟ ಮೇಲೆ ಕೆಂಪು ಇನ್ನೂ ಹೆಚ್ಚಾಗಬಹುದು. ಸ್ಟೀರಾಯ್ಡ್ ಡ್ರಾಪ್ಸನ್ನು ಮೆಡಿಕಲ್‌ನವನ ಮಾತು ಕೇಳಿ ಹಾಕಲೇಬೇಡಿ. ಎರಡೇ ದಿನದಲ್ಲಿ ಹಾಯೆನಿಸುತ್ತದೆ ನಿಜ, ಆದರೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ದೃಷ್ಟಿ ಮಸುಕಾಗಿಸುವ ಪೊರೆ (ಕ್ಯಾಟರಾಕ್ಟ್) ಬರಬಹುದು. ಉರಿಯೂತ ಜಾಸ್ತಿ ಇದ್ದವರಿಗೆ ಡಾಕ್ಟರು ಸೈಕ್ಲೋಸ್ಪೋರಿನ್ ಡ್ರಾಪ್ಸ್ ಬರೆಯುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಅದು ನಿಧಾನ, ತಿಂಗಳುಗಳೇ ಬೇಕು. ಮೀನೆಣ್ಣೆ ಗುಳಿಗೆ? 2018ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಅದು ಹೋಲಿಕೆಗೆಂದು ಕೊಟ್ಟ ಆಲಿವ್ ಎಣ್ಣೆಯ ಗುಳಿಗೆಗಿಂತ ಮೇಲೇನೂ ಅನಿಸಲಿಲ್ಲ. ಬಂಗುಡೆ ತಿನ್ನಲು ಅದೊಂದು ನೆಪ ಬೇಕಿಲ್ಲ ಬಿಡಿ.

ಪರೀಕ್ಷೆ ಸುಲಭ. ಬಣ್ಣ ಹಾಕಿ ಕಣ್ಣೀರಿನ ಪೊರೆ ಎಷ್ಟು ಸೆಕೆಂಡಿನಲ್ಲಿ ಒಡೆಯುತ್ತದೆ ಅಂತ ನೋಡುತ್ತಾರೆ, ಹತ್ತಕ್ಕಿಂತ ಕಡಿಮೆಯಾದರೆ ಅನುಮಾನ. ಕೆಳರೆಪ್ಪೆಯಲ್ಲಿ ಕಾಗದದ ಪಟ್ಟಿ ಇಟ್ಟು ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತು ಅಂತಲೂ ಅಳೆಯುತ್ತಾರೆ. ಹೋಗುವಾಗ ನೀವು ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಅಲರ್ಜಿ ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಖಿನ್ನತೆಯ ಕೆಲವು ಔಷಧಿ, ಇವೂ ಕಣ್ಣು ಒಣಗಿಸುತ್ತವೆ. ಮುಟ್ಟು ನಿಂತ ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ಕಣ್ಣಿನ ಜೊತೆ ಬಾಯಿಯೂ ಒಣಗಿ ಕೀಲು ನೋಯುತ್ತಿದ್ದರೆ ಅದನ್ನೂ ಹೇಳಿ, ಅದು ದೇಹದ ರೋಗನಿರೋಧಕ ಶಕ್ತಿ ತನ್ನದೇ ಗ್ರಂಥಿಗಳ ಮೇಲೆ ತಿರುಗಿಬೀಳುವ ಶೋಗ್ರೆನ್ ಕಾಯಿಲೆ ಇರಬಹುದು, ರಕ್ತ ಪರೀಕ್ಷೆ ಬೇಕಾಗುತ್ತದೆ. ಒಂದೇ ಕಣ್ಣು ಕೆಂಪಾಗಿ ಜೋರಾಗಿ ನೋಯುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾಗಿಯೇ ಉಳಿದರೆ ಅದನ್ನು ಡ್ರೈ ಐ ಅಂದುಕೊಂಡು ಕೂರಬೇಡಿ. ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಮೊದಲು ಲೆನ್ಸ್ ತೆಗೆದುಬಿಡಿ.