ಸೆಲೆನಿಯಂ ಬೇಡುವ ಕಿಣ್ವ

ಫಾರ್ಮಿಕ್ ಆಸಿಡ್ ಅಂದರೆ ಮಲೆನಾಡಿನವರಿಗೆ ಚಗಳಿ ಇರುವೆಯ ಹುಳಿ, ಸುಳ್ಯದ ಕಡೆಯವರಿಗೆ ರಬ್ಬರ್ ಹಾಲು ಗಟ್ಟಿ ಮಾಡುವ ಆಸಿಡ್. ನಮ್ಮ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾ ಕೂಡ ಇದನ್ನು ತಯಾರಿಸುತ್ತದೆ. ಆಕ್ಸಿಜನ್ ಇಲ್ಲದ ಕಡೆ ಸಕ್ಕರೆ ಒಡೆದಾಗ ಅದರೊಳಗೆ ಫಾರ್ಮೇಟ್, ಅಂದರೆ ಇದೇ ಆಸಿಡ್ಡಿನ ಲವಣ ರೂಪ, ತುಂಬಿಕೊಳ್ಳುತ್ತದೆ. ಅದನ್ನು ಖಾಲಿ ಮಾಡುವ ಕಿಣ್ವವೇ ಫಾರ್ಮೇಟ್ ಡಿಹೈಡ್ರೋಜಿನೇಸ್. ಫಾರ್ಮೇಟಿನಿಂದ ಎರಡು ಎಲೆಕ್ಟ್ರಾನ್, ಒಂದು ಪ್ರೋಟಾನ್ ತೆಗೆದರೆ ಉಳಿಯುವುದು ಕಾರ್ಬನ್ ಡೈಆಕ್ಸೈಡ್. ಇಷ್ಟೇ ಕೆಲಸ. ಆದರೆ ಇದರ ಬೆನ್ನು ಹತ್ತಿದವರು ಜೀವಶಾಸ್ತ್ರದ ಒಂದು ದೊಡ್ಡ ನಿಯಮವನ್ನೇ ತಿದ್ದಬೇಕಾಯಿತು.

1930ರ ದಶಕದ ಆರಂಭದಲ್ಲಿ ಕೇಂಬ್ರಿಜ್‌ನ ಮಾರ್ಜೊರಿ ಸ್ಟೀಫನ್‌ಸನ್ ಮತ್ತು ಸ್ಟಿಕ್‌ಲ್ಯಾಂಡ್ ಈ ಬ್ಯಾಕ್ಟೀರಿಯಾ ಫಾರ್ಮೇಟ್ ಒಡೆದು ಹೈಡ್ರೋಜನ್ ಬಿಡುವುದನ್ನು ಅಧ್ಯಯನ ಮಾಡಿದರು. ಅದೇ ದಶಕದಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ದನ, ಕುದುರೆಗಳ ಗೊರಸು ಕಳಚುತ್ತಿದ್ದುದಕ್ಕೆ ಮೇವಿನಲ್ಲಿದ್ದ ಸೆಲೆನಿಯಂ (ಗಂಧಕವನ್ನು ಹೋಲುವ ಒಂದು ಮೂಲವಸ್ತು) ಕಾರಣ ಅಂತ ಗೊತ್ತಾಯಿತು. ಸೆಲೆನಿಯಂ ಅಂದರೆ ವಿಷ ಎಂಬ ಮಾತು ಗಟ್ಟಿಯಾಯಿತು.

1954ರಲ್ಲಿ ಜೇನ್ ಪಿನ್ಸೆಂಟ್ ಎಂಬ ವಿಜ್ಞಾನಿ ಬೇರೆಯೇ ಸುದ್ದಿ ತಂದರು. ಸೆಲೆನೈಟ್ (ಸೆಲೆನಿಯಂನ ಲವಣ) ಮತ್ತು ಮಾಲಿಬ್ಡೇಟ್ (ಮಾಲಿಬ್ಡಿನಂ ಲೋಹದ ಲವಣ) ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆದರೂ ಈ ಕಿಣ್ವ ಮಾತ್ರ ತಯಾರಾಗುತ್ತಿರಲಿಲ್ಲ. ಇವೆರಡನ್ನೂ ತೀರಾ ಸ್ವಲ್ಪ ಬೆರೆಸಿದರೆ ಸಾಕಾಗಿತ್ತು. ವಿಷ ಅಂದುಕೊಂಡಿದ್ದು ಒಂದು ಜೀವಿಯ ಕಿಣ್ವಕ್ಕೆ ಬೇಕೇ ಬೇಕು! ಇಲಿಗಳಿಗೂ ಸೆಲೆನಿಯಂ ಅಗತ್ಯ ಅಂತ ತಿಳಿದದ್ದು ಇದಾದ ಮೂರು ವರ್ಷಕ್ಕೆ. ಪಿನ್ಸೆಂಟ್ ಹೆಸರು ಇನ್ನೂ ಜಾಸ್ತಿ ಕೇಳಿಬರಬೇಕಿತ್ತು ಅಂತ ನನಗನ್ನಿಸುತ್ತದೆ.

ಸೆಲೆನಿಯಂ ಕಿಣ್ವದೊಳಗೆ ಕೂರುವುದು ಹೇಗೆ? ಉತ್ತರ ಸಿಕ್ಕಿದ್ದು 1986ರಲ್ಲಿ. ಮ್ಯೂನಿಕ್‌ನ ಆಗಸ್ಟ್ ಬೋಕ್ ತಂಡ, ಅಮೆರಿಕದ ಥ್ರೆಸಾ ಸ್ಟಾಡ್‌ಮನ್ ಜೊತೆ ಸೇರಿ ಈ ಕಿಣ್ವದ ಜೀನ್ ಓದಿತು. ನಡುವೆ ಯುಜಿಎ ಎಂಬ ಮೂರಕ್ಷರದ ಸಂಕೇತ ಇತ್ತು. ಯುಜಿಎ ಬಂದರೆ ಪ್ರೋಟೀನ್ ಜೋಡಣೆ ಅಲ್ಲಿಗೇ ನಿಲ್ಲಬೇಕು, ಅದು 1960ರ ದಶಕದಿಂದ ಒಪ್ಪಿಕೊಂಡಿದ್ದ ನಿಯಮ. ಇಲ್ಲಿ ನಿಲ್ಲಲಿಲ್ಲ. ಆ ಜಾಗದಲ್ಲಿ ಸೆಲೆನಿಯಂ ಇರುವ ಸೆಲೆನೋಸಿಸ್ಟೀನ್ ಎಂಬ ಅಮೈನೋ ಆಮ್ಲ ಸೇರುತ್ತಿತ್ತು. ಪ್ರೋಟೀನ್ ಕಟ್ಟಲು ಬಳಕೆಯಾಗುವ, ಪಠ್ಯದಲ್ಲಿದ್ದ 20 ಅಮೈನೋ ಆಮ್ಲಗಳ ಪಟ್ಟಿಗೆ 21ನೆಯದು ಬಂತು. ಇಲಿಯ ಒಂದು ಕಿಣ್ವದಲ್ಲೂ ಅದೇ ವರ್ಷ ಇದೇ ಕಂಡಿತು. ಬ್ಯಾಕ್ಟೀರಿಯಾದಲ್ಲಿ ಈ ಜೀನ್‌ನ ಪ್ರತಿಯಾದ ಆರ್‌ಎನ್‌ಎಯಲ್ಲಿ ಯುಜಿಎ ಆದ ಕೂಡಲೇ ಬರುವ ಒಂದು ಮಡಿಕೆ ‘ನಿಲ್ಲಬೇಡ’ ಅಂತ ತಿಳಿಸುತ್ತದೆ ಎಂಬುದು ಮುಂದೆ ಸ್ಪಷ್ಟವಾಯಿತು.

ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಸೆಲೆನಿಯಂ ಬದಲು ಗಂಧಕ ಇಟ್ಟರೆ ಕಿಣ್ವದ ವೇಗ ನೂರಾರು ಪಟ್ಟು ಇಳಿಯುತ್ತದೆ.

ಈಗಿನ ಆಸಕ್ತಿ ಉಲ್ಟಾ ದಿಕ್ಕಿನದು. ಕಾರ್ಬನ್ ಡೈಆಕ್ಸೈಡಿಗೆ ಎಲೆಕ್ಟ್ರಾನ್ ಕೊಟ್ಟು ಫಾರ್ಮೇಟ್ ಮಾಡಬಹುದಲ್ವಾ? ಇದೇ ಬಗೆಯ ಒಂದು ಕಿಣ್ವವನ್ನು ಎಲೆಕ್ಟ್ರೋಡ್ ಮೇಲೆ ಕೂರಿಸಿ, ಅದು ಎರಡೂ ದಿಕ್ಕಿಗೆ ಓಡುತ್ತದೆ ಅಂತ 2008ರಲ್ಲಿ ತೋರಿಸಿದ್ದಾರೆ. ದೊಡ್ಡ ಪ್ರಮಾಣದಲ್ಲಿ ಬಳಸಲು ಸದ್ಯದ ತೊಡಕು ಆಕ್ಸಿಜನ್. ಇಂಥ ಎಷ್ಟೋ ಕಿಣ್ವಗಳು ಗಾಳಿ ತಾಗಿದರೆ ಕೆಟ್ಟುಹೋಗುತ್ತವೆ.